ಮದರ್‌ಬೋರ್ಡಿನ ಪುಟ ಓದಿ, ಆಮೇಲೆ ದುಡ್ಡು ಕೊಡಿ

ಡೆಸ್ಕ್‌ಟಾಪ್ ಜೋಡಿಸುವ ಕೆಲಸಕ್ಕೆ ಒಂದು ಸ್ಟಾರ್ ಸ್ಕ್ರೂಡ್ರೈವರ್, ಅಗಲವಾದ ಮೇಜು, ಮೂರು ಗಂಟೆ ಬಿಡುವು ಸಾಕು. ಹೊಸಬರು ಎಡವುವುದು ಅದಕ್ಕೂ ಮುಂಚೆ, ಬಿಡಿಭಾಗ ಆರಿಸುವಾಗ. ಪ್ರೊಸೆಸರ್ ಒಳ್ಳೆಯದೇ ಇರುತ್ತದೆ, ರ‍್ಯಾಮ್ ಕೂಡ ಒಳ್ಳೆಯದೇ. ಆದರೆ ಎರಡೂ ಒಂದೇ ಮದರ್‌ಬೋರ್ಡಿನಲ್ಲಿ, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆಯಲ್ಲಿ, ಕೂರುವುದಿಲ್ಲ. ಹಾಗಾಗಿ ಒಂದೊಂದು ಭಾಗದ ಗುಣಗಾನ ಇಲ್ಲಿ ಬೇಡ. ಯಾವ ಭಾಗ ಯಾವುದಕ್ಕೆ ತಾಗುತ್ತದೆ, ತಾಗುವ ಜಾಗದಲ್ಲಿ ಏನು ನೋಡಬೇಕು ಅನ್ನುವುದಷ್ಟೇ ವಿಷಯ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಪಟ್ಟಿ ಇಟ್ಟುಕೊಳ್ಳೋಣ: ರೈಜೆನ್ 5 7600 ಪ್ರೊಸೆಸರ್, ಬಿ650 ಚಿಪ್‌ಸೆಟ್ಟಿನ (ಬೋರ್ಡಿನ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್) ಮೈಕ್ರೋ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಪೆಟ್ಟಿಗೆ), ಒಂದು ಕ್ಯಾಬಿನೆಟ್. ಓದು, ಕೋಡಿಂಗ್, ವಿಡಿಯೋ ಎಡಿಟಿಂಗ್, ಆಟ ಎಲ್ಲಕ್ಕೂ ಒದಗುವ ಮಧ್ಯಮ ದರ್ಜೆಯ ಯಂತ್ರ ಇದು. ನಿಮ್ಮ ಪಟ್ಟಿ ಬೇರೆ ಇರಬಹುದು. ನೋಡಬೇಕಾದ ಜಾಗಗಳು ಇವೇ.

ಮೊದಲ ಜಾಗ ಸಾಕೆಟ್, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಗೂಡು. ರೈಜೆನ್ 7000, 8000ಜಿ, 9000 ಸರಣಿಗಳು ಕೂರುವುದು ಎಎಂ5 ಸಾಕೆಟ್ಟಿನಲ್ಲಿ, ನಮ್ಮ ಬಿ650 ಬೋರ್ಡಿನಲ್ಲಿರುವುದೂ ಅದೇ; ಅದರಲ್ಲಿ 1718 ಪಿನ್‌ಗಳಿವೆ, ಅವೆಲ್ಲ ಬೋರ್ಡಿನ ಕಡೆ ಇವೆ. ರೈಜೆನ್ 5000 ಮತ್ತು ಅದಕ್ಕೂ ಹಿಂದಿನವು ಎಎಂ4ಗೆ ಸೇರಿದವು. ಅವುಗಳ 1331 ಪಿನ್ ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಇಂಟೆಲ್‌ನ 12, 13, 14ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1700 ಬೇಕು, 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಇವುಗಳಲ್ಲಿ ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದುವುದಿಲ್ಲ, ಬಗ್ಗಿಸಿ ಒತ್ತಿ ಕೂರಿಸಲೂ ಆಗುವುದಿಲ್ಲ. ಹೊಸದಾಗಿ ಕೊಳ್ಳುವವರಿಗೆ ಎಎಂ5 ಕಡೆಗೇ ನನ್ನ ಒಲವು. ಆ ಸಾಕೆಟ್ಟನ್ನು 2027ರವರೆಗೆ ಮತ್ತು ಆಚೆಗೂ ಮುಂದುವರಿಸುತ್ತೇವೆ ಎಂದು ಎಎಂಡಿ ಹೇಳಿದೆ. ಮೂರ್ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಿ ಅದೇ ಬೋರ್ಡ್ ಬಳಸುವ ದಾರಿ ತೆರೆದಿರುತ್ತದೆ. ಮನೆಯಲ್ಲಿ ಆಗಲೇ ಒಳ್ಳೆಯ, ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಇದ್ದವರಿಗೆ ಮಾತ್ರ ಎಎಂ4 ಲೆಕ್ಕ ಕೂಡಿಬರುತ್ತದೆ.

ಸಾಕೆಟ್ ಒಂದೇ ಆದ ಮಾತ್ರಕ್ಕೆ ಯಂತ್ರ ಏಳುತ್ತದೆ ಎಂದುಕೊಳ್ಳಬೇಡಿ. ಬೋರ್ಡಿನೊಳಗಿನ ಬಯಾಸ್‌ಗೆ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶಕ್ಕೆ, ಆ ಪ್ರೊಸೆಸರಿನ ಪರಿಚಯ ಇರಬೇಕು. ರೈಜೆನ್ 9000 ಮಾರುಕಟ್ಟೆಗೆ ಬಂದದ್ದು 2024ರ ಆಗಸ್ಟಿನಲ್ಲಿ. ಅದಕ್ಕೂ ಮುಂಚೆ ಪ್ಯಾಕ್ ಆಗಿ ಗೋದಾಮಿನಲ್ಲಿ ಕುಳಿತ ಬಿ650 ಬೋರ್ಡಿಗೆ ರೈಜೆನ್ 5 9600ಎಕ್ಸ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯಬಹುದು. ಹೊಸಬರು ಇದನ್ನು ನೋಡಿ ಪ್ರೊಸೆಸರ್ ಸತ್ತಿದೆ ಎಂದು ಹೆದರುತ್ತಾರೆ. ಬೋರ್ಡ್ ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಪುಟ ತೆರೆದರೆ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿ ಸಿಗುತ್ತದೆ, ಪ್ರತಿಯೊಂದರ ಎದುರಿಗೆ ಯಾವ ಬಯಾಸ್ ಆವೃತ್ತಿಯಿಂದ ಬೆಂಬಲ ಎಂದು ಬರೆದಿರುತ್ತದೆ. ನಮ್ಮ ಪಟ್ಟಿಯ 7600 ಅದಕ್ಕಿಂತ ಹಳೆಯದು, ಹಾಗಾಗಿ ಈಗ ಸಿಗುವ ಬೋರ್ಡುಗಳಲ್ಲಿ ಈ ತೊಡಕು ಬರುವುದಿಲ್ಲ.

ಹೊಸ ಪ್ರೊಸೆಸರ್ ಬೇಕೇ ಬೇಕು ಎನ್ನುವವರು ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನೇ ಆರಿಸಿ. ಪ್ರೊಸೆಸರ್ ಹಾಕದೆಯೇ ಬಯಾಸ್ ಬದಲಿಸಲು ಅದರಿಂದ ಆಗುತ್ತದೆ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಬಯಾಸ್ ಫೈಲಿಗೆ ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಅಕ್ಷರ ತಪ್ಪದಂತೆ ಇಟ್ಟು, ಬೋರ್ಡಿನ ಹಿಂದೆ ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೇ ಚುಚ್ಚಿ. 24 ಪಿನ್ನಿನ ಮತ್ತು 8 ಪಿನ್ನಿನ ಪವರ್ ಕೇಬಲ್ ಕೊಟ್ಟು ಗುಂಡಿ ಒತ್ತಿ ಹಿಡಿದರೆ ಪಕ್ಕದ ದೀಪ ಮಿನುಗುತ್ತದೆ. ಮಿನುಗು ನಿಲ್ಲಲು ಐದರಿಂದ ಹತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಕರೆಂಟು ಹೋದರೆ ಬಯಾಸ್ ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಮೇಲೆ ಈ ಕೆಲಸ ಮಾಡುವುದು ಕ್ಷೇಮ. ಇಂಟೆಲ್ 13 ಮತ್ತು 14ನೇ ತಲೆಮಾರಿನವರಿಗೂ ಬಯಾಸ್ ವಿಷಯ ಮುಖ್ಯ. ಹೆಚ್ಚು ವೋಲ್ಟೇಜ್‌ನಿಂದ ಪ್ರೊಸೆಸರ್ ಕಾಲಕ್ರಮೇಣ ಹಾಳಾಗುವ ದೋಷಕ್ಕೆ ಇಂಟೆಲ್ 2024ರಲ್ಲಿ ಬಯಾಸ್ ಮೂಲಕವೇ ಪರಿಹಾರ ಕೊಟ್ಟಿತು. ಬೋರ್ಡ್ ಬಂದ ಮೊದಲ ದಿನವೇ ಅದನ್ನು ಹಾಕಿಕೊಳ್ಳಬೇಕು.

ಇನ್ನು ಹೆಸರಿನ ಕೊನೆಯ ಅಕ್ಷರ. ಚಿಕ್ಕದಾಗಿ ಕಾಣುತ್ತದೆ, ಎಷ್ಟೋ ಮಂದಿಯ ದುಡ್ಡು ಹೋಗುವುದು ಅಲ್ಲಿಯೇ. ರೈಜೆನ್ 5 7600ರೊಳಗೆ ಸಣ್ಣದೊಂದು ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ರೈಜೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಇಂಟೆಲ್ ಕೋರ್ ಐ5 12400ರಲ್ಲಿ ಇದೆ, 12400ಎಫ್‌ನಲ್ಲಿ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಕೊಂಡರಾಯಿತು ಎಂದು ಎಫ್ ಪ್ರೊಸೆಸರ್ ತಂದರೆ, ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದರಿಂದ ಚಿತ್ರ ಬರುವುದಿಲ್ಲ. ಆ ಪೋರ್ಟಿಗೆ ಚಿತ್ರ ಕೊಡಬೇಕಾದದ್ದು ಪ್ರೊಸೆಸರೇ. ಬೆಲೆಯಲ್ಲಿ ತುಸು ವ್ಯತ್ಯಾಸವಿದ್ದರೂ ಮೊದಲ ಯಂತ್ರಕ್ಕೆ ಒಳಗೆ ಗ್ರಾಫಿಕ್ಸ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ. ಮುಂದೊಂದು ದಿನ ಕಾರ್ಡ್ ಕೈಕೊಟ್ಟಾಗ ದೋಷ ಎಲ್ಲಿದೆ ಎಂದು ಹುಡುಕಲು ಅದೇ ಆಸರೆ.

ಹಾಗೆಂದು ಜಿ ಅಕ್ಷರವೇ ಎಲ್ಲದಕ್ಕೂ ಮೇಲಲ್ಲ. ರೈಜೆನ್ 5 8600ಜಿಯ ಒಳಗಿನ ಗ್ರಾಫಿಕ್ಸ್ ಬಲವಾದದ್ದೇ, ಆದರೆ ಹೊರಗಿನ ಕಾರ್ಡಿಗೆ ಅದು ಕೊಡುವುದು 8 ಪಿಸಿಐಇ ಲೇನ್ (ಪ್ರೊಸೆಸರಿಗೂ ಕಾರ್ಡಿಗೂ ನಡುವೆ ಡೇಟಾ ಓಡುವ ದಾರಿ). 8500ಜಿ ಕೊಡುವುದು ನಾಲ್ಕೇ. 7600 ಪೂರ್ತಿ 16 ಕೊಡುತ್ತದೆ. ದೊಡ್ಡ ಕಾರ್ಡ್ ಹಾಕುವ ಆಲೋಚನೆ ಇದ್ದರೆ 8500ಜಿ ತಪ್ಪು ಆಯ್ಕೆ. ಆರ್‌ಟಿಎಕ್ಸ್ 5060 ಬಳಸುವುದೇ 8 ಲೇನ್. ಬಿ650 ಬೋರ್ಡಿನ ಪಿಸಿಐಇ 4.0 ಸ್ಲಾಟಿನಲ್ಲಿ ಅದಕ್ಕೆ ಕೊರತೆಯಾಗದು. ಅದೇ ಕಾರ್ಡನ್ನು ಹಳೆಯ ಬಿ450 ಬೋರ್ಡಿಗೋ, ಪಿಸಿಐಇ 3.0 ಮಾತ್ರ ಬಲ್ಲ 5600ಜಿಗೋ ಜೋಡಿಸಿದರೆ ಕೆಲಸವೇನೋ ಮಾಡುತ್ತದೆ, ದಾರಿ ಮಾತ್ರ ಅರ್ಧಕ್ಕೆ ಕಿರಿದಾಗುತ್ತದೆ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿದಾಗ ಆಟ ತಡವರಿಸುವುದು ಹೀಗೆ.

ರ‍್ಯಾಮ್ ವಿಷಯಕ್ಕೆ ಬರೋಣ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ. ಒತ್ತಿದರೂ ಕೂರದ ಸ್ಟಿಕ್ಕನ್ನು ಇನ್ನಷ್ಟು ಒತ್ತಬೇಡಿ, ತಿರುಗಿಸಿ ಕಚ್ಚು ನೋಡಿ. ಎಎಂ5 ಮತ್ತು ಎಲ್‌ಜಿಎ 1851 ಬೋರ್ಡುಗಳು ಡಿಡಿಆರ್5 ಮಾತ್ರ ತೆಗೆದುಕೊಳ್ಳುತ್ತವೆ. ಎಲ್‌ಜಿಎ 1700ರಲ್ಲಿ ಎರಡು ಬಗೆಯ ಬೋರ್ಡುಗಳೂ ಇವೆ, ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದಿದ್ದರೆ ಅದು ಹಳೆಯ ಬಗೆಯದು. ಅಂಗಡಿಯಲ್ಲಿ ಬೋರ್ಡ್ ಹೆಸರು ಅರ್ಧ ಹೇಳಿ ಬೆಲೆ ಕೇಳಿದರೆ ಇಲ್ಲಿಯೇ ಅದಲುಬದಲಾಗುವುದು.

ಎಷ್ಟು ಸ್ಟಿಕ್? ಎರಡೇ. 8 ಜಿಬಿಯ ನಾಲ್ಕು ಹಾಕುವುದಕ್ಕಿಂತ 16 ಜಿಬಿಯ ಎರಡು ಹಾಕುವುದು ಎಎಂ5ನಲ್ಲಿ ಎಲ್ಲ ರೀತಿಯಿಂದಲೂ ಮೇಲು. ರೈಜೆನ್ 7000ಕ್ಕೆ ಎಎಂಡಿ ಖಾತರಿ ಕೊಡುವ ವೇಗ (ಸೆಕೆಂಡಿಗೆ ಎಷ್ಟು ದಶಲಕ್ಷ ವರ್ಗಾವಣೆ ಎಂಬ ಲೆಕ್ಕದಲ್ಲಿ) ಎರಡು ಸ್ಟಿಕ್ಕಿಗೆ 5200, ನಾಲ್ಕು ಸ್ಟಿಕ್ಕಿಗೆ 3600. ಈಗ ಎರಡು ತಗೊಂಡು ಮುಂದೆ ಇನ್ನೆರಡು ಸೇರಿಸೋಣ ಎನ್ನುವ ಡಿಡಿಆರ್4 ಕಾಲದ ರೂಢಿ ಇಲ್ಲಿ ನಡೆಯುವುದಿಲ್ಲ. ಒಂದೇ ಸ್ಟಿಕ್ ಹಾಕುವುದೂ ಬೇಡ, ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡು ದಾರಿಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, ಒಂದು ಖಾಲಿ ಉಳಿಯುತ್ತದೆ. ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡವರಿಗಂತೂ ಅದು ದೊಡ್ಡ ಪೆಟ್ಟು. ಎರಡನ್ನೂ ಒಂದೇ ಕಿಟ್ಟಿನಲ್ಲಿ ಕೊಳ್ಳಿ. ಬೇರೆ ಬೇರೆ ದಿನ ತಂದ ಒಂದೇ ಹೆಸರಿನ ಸ್ಟಿಕ್ಕುಗಳ ಒಳಗಿನ ಚಿಪ್ ಬೇರೆ ಕಂಪನಿಯದಿರಬಹುದು.

ವೇಗ 6000, ಲೇಟೆನ್ಸಿ (ಉತ್ತರಿಸಲು ತಗಲುವ ತಡ) ಸಿಎಲ್30 ಇರುವ, ಎಕ್ಸ್‌ಪೋ (ರ‍್ಯಾಮಿನಲ್ಲೇ ಬರೆದಿಟ್ಟ ವೇಗದ ಹೊಂದಿಕೆ) ಬೆಂಬಲದ ಕಿಟ್ ಈ ಪ್ರೊಸೆಸರಿಗೆ ಹದವಾಗಿ ಹೊಂದುತ್ತದೆ. 6000 ಎನ್ನುವುದು ಪೆಟ್ಟಿಗೆಯ ಮೇಲಿನ ಸಂಖ್ಯೆ. ಜೋಡಿಸಿದ ಕೂಡಲೇ ಅದು 4800ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ, ಬಯಾಸ್ ಒಳಗೆ ಹೋಗಿ ಎಕ್ಸ್‌ಪೋ ಆನ್ ಮಾಡಿದ ಮೇಲೆಯೇ ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗುವುದು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು, ಅಂದರೆ ಎ2, ಬಿ2, ಇವುಗಳಿಗೆ ಹಾಕಬೇಕು. ಮೊದಲೆರಡು ಸ್ಲಾಟಿಗೆ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ ಬೀಳುತ್ತವೆ.

ಎಸ್‌ಎಸ್‌ಡಿಯಲ್ಲಿ ಗೊಂದಲ ಹುಟ್ಟಿಸುವುದು ಎಂ.2 ಎಂಬ ಪದ. ಎಂ.2 ಎಂದರೆ ಆಕಾರ ಮಾತ್ರ; ಅದರೊಳಗೆ ಹಳೆಯ, ನಿಧಾನದ ಸಾಟಾ ಸಂಪರ್ಕ ಇರಬಹುದು, ವೇಗದ ಎನ್‌ವಿಎಂಇ ಇರಬಹುದು. ಎಷ್ಟೋ ಹೊಸ ಬೋರ್ಡುಗಳ ಎಂ.2 ಸ್ಲಾಟ್ ಎನ್‌ವಿಎಂಇಯನ್ನಷ್ಟೇ ಗುರುತಿಸುತ್ತದೆ, ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಸಾಟಾ ಎಂ.2 ಅಲ್ಲಿ ಕಾಣಿಸುವುದೇ ಇಲ್ಲ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಕೊಳ್ಳಬೇಕಾದದ್ದು ಈ ಅಳತೆಯದು. ಪ್ರೊಸೆಸರಿಗೆ ಹತ್ತಿರದ ಸ್ಲಾಟಿಗೇ ಹಾಕಿ. ಕೆಲವು ಬೋರ್ಡುಗಳಲ್ಲಿ ಇನ್ನೊಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಮುಚ್ಚಿಕೊಳ್ಳುತ್ತವೆ, ಹಳೆಯ ಹಾರ್ಡ್ ಡಿಸ್ಕ್ ಮುಂದುವರಿಸುವವರು ಕೈಪಿಡಿಯಲ್ಲಿ ಆ ಟಿಪ್ಪಣಿ ಹುಡುಕಿ.

ಇನ್ನು ಟೇಪ್ ಹಿಡಿಯುವ ಕೆಲಸ. ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡ್ ಕೂರುತ್ತದೆ. ಆದರೆ ಬೋರ್ಡಿನಲ್ಲಿ ತೂತಿಲ್ಲದ ಜಾಗದ ಹಿತ್ತಾಳೆ ಸ್ಟ್ಯಾಂಡಾಫ್‌ಗಳನ್ನು, ಅಂದರೆ ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬಗಳನ್ನು, ಬಿಚ್ಚಿ ತೆಗೆಯಬೇಕು. ಒಂದು ಉಳಿದರೂ ಬೋರ್ಡಿನ ಹಿಂದಿನ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು, ಗುಂಡಿ ಒತ್ತಿದರೂ ಯಂತ್ರ ಏಳದೆ ಹೋಗಬಹುದು.

ಗ್ರಾಫಿಕ್ಸ್ ಕಾರ್ಡ್ ಎರಡು ಫ್ಯಾನಿನದಾದರೆ ಸುಮಾರು 250 ಮಿ.ಮೀ., ಮೂರು ಫ್ಯಾನಿನದು 300 ದಾಟಬಹುದು. ಕ್ಯಾಬಿನೆಟ್ಟಿನ ಪೆಟ್ಟಿಗೆ ಮೇಲೆ 330 ಮಿ.ಮೀ. ಎಂದಿದ್ದರೆ ಅದು ಮುಂದೆ ರೇಡಿಯೇಟರ್ (ನೀರಿನ ಕೂಲರಿನ ಬಿಸಿ ಹೊರಹಾಕುವ ಚಪ್ಪಟೆ ಭಾಗ) ಇಲ್ಲದಾಗಿನ ಲೆಕ್ಕ. 27 ಮಿ.ಮೀ. ರೇಡಿಯೇಟರ್, ಅದಕ್ಕೆ ಅಂಟಿದ 25 ಮಿ.ಮೀ. ಫ್ಯಾನ್, ಎರಡೂ ಸೇರಿ 52 ಕಳೆದರೆ ಉಳಿಯುವುದು 278. ಕಾರ್ಡಿನ ಉದ್ದ ನೋಡಿದವರು ದಪ್ಪ ನೋಡುವುದಿಲ್ಲ. ಎರಡೂವರೆ ಸ್ಲಾಟ್ ದಪ್ಪದ ಕಾರ್ಡ್ ಕೆಳಗಿನ ಸ್ಲಾಟ್‌ಗಳನ್ನು ಮುಚ್ಚುತ್ತದೆ, ವೈಫೈ ಕಾರ್ಡ್ ಹಾಕಲು ಜಾಗ ಸಿಗದೆ ಹೋಗುತ್ತದೆ. ವೈಫೈ ಬೇಕಿದ್ದವರು ಹೆಸರಿನಲ್ಲೇ ವೈಫೈ ಎಂದಿರುವ ಬೋರ್ಡ್ ತೆಗೆದುಕೊಳ್ಳುವುದು ಸುಲಭದ ದಾರಿ.

ಕೂಲರ್ ಆರಿಸುವಾಗ ಎತ್ತರ, ರಂಧ್ರ, ರ‍್ಯಾಮ್ ಈ ಮೂರರ ಮೇಲೆ ಕಣ್ಣಿರಲಿ. ರೈಜೆನ್ 5 7600ರ ಪೆಟ್ಟಿಗೆಯೊಳಗೇ ವ್ರೈತ್ ಸ್ಟೆಲ್ತ್ ಕೂಲರ್ ಬರುತ್ತದೆ, ಅಷ್ಟಕ್ಕೇ ನಿಲ್ಲಬಹುದು. 7600ಎಕ್ಸ್ ಜೊತೆ ಬರುವುದಿಲ್ಲ, ಇಂಟೆಲ್‌ನ ಕೆ ಅಕ್ಷರದವುಗಳ ಜೊತೆಗೂ ಬರುವುದಿಲ್ಲ. ಸ್ಟೆಲ್ತ್ ಕೂರಿಸುವಾಗ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರ್ಯಾಕೆಟ್ ಬಿಚ್ಚಿ, ಅದೇ ನಾಲ್ಕು ತೂತಿಗೆ ಸ್ಕ್ರೂ ಬಿಗಿಯಬೇಕು, ಅಡ್ಡಮೂಲೆಯಿಂದ ಅಡ್ಡಮೂಲೆಗೆ ಸ್ವಲ್ಪ ಸ್ವಲ್ಪವೇ. ಟವರ್ ಕೂಲರ್‌ಗಳು ಸಾಮಾನ್ಯವಾಗಿ 155ರಿಂದ 160 ಮಿ.ಮೀ. ಎತ್ತರದವು, ಕ್ಯಾಬಿನೆಟ್ಟಿನ ಮಿತಿ 155 ಇದ್ದು ಕೂಲರ್ 158 ಇದ್ದರೆ ಪಕ್ಕದ ಗಾಜು ಮುಚ್ಚುವುದಿಲ್ಲ. ಎಎಂ4ಗೆ ಆಗುತ್ತಿದ್ದ ಕೂಲರ್‌ಗಳಲ್ಲಿ ಬಹಳಷ್ಟು ಎಎಂ5ಗೂ ಆಗುತ್ತವೆ. ಸ್ವಂತ ಬ್ಯಾಕ್‌ಪ್ಲೇಟ್ (ಬೋರ್ಡಿನ ಹಿಂದಿನ ಆಧಾರ ತಟ್ಟೆ) ಕೇಳುವವು ಮಾತ್ರ ಆಗುವುದಿಲ್ಲ, ಎಎಂ5ನ ಬ್ಯಾಕ್‌ಪ್ಲೇಟ್ ಸಾಕೆಟ್ಟಿನ ಜೊತೆಯೇ ಬಿಗಿದಿರುತ್ತದೆ. ಇಂಟೆಲ್ ಕಡೆ ಎಲ್‌ಜಿಎ 1200ರ ರಂಧ್ರಗಳ ಅಂತರ 75 ಮಿ.ಮೀ., 1700 ಮತ್ತು 1851ರದ್ದು 78. ಹಳೆಯ ಕೂಲರಿಗೆ ಹೊಸ ಕ್ಲಿಪ್ ತರಿಸಲೇಬೇಕು. ಮಿಂಚುವ ದೀಪದ ರ‍್ಯಾಮ್‌ಗಳು 44 ಮಿ.ಮೀ.ವರೆಗೂ ಎತ್ತರ ಬರುತ್ತವೆ, ಟವರ್ ಕೂಲರಿನ ಮುಂದಿನ ಫ್ಯಾನಿಗೆ ತಾಗಬಹುದು. ದೀಪವಿಲ್ಲದ ಗಿಡ್ಡ ರ‍್ಯಾಮ್ ತೆಗೆದುಕೊಂಡರೆ ಈ ತಾಪತ್ರಯವಿಲ್ಲ.

ಎಸ್‌ಎಂಪಿಎಸ್ ಬಗ್ಗೆ ತುಸು ನಿಧಾನವಾಗಿಯೇ ಹೇಳಬೇಕು, ಉಳಿದವು ಕೈಕೊಟ್ಟರೆ ಅದೊಂದೇ ಹೋಗುತ್ತದೆ, ಇದು ಕೈಕೊಟ್ಟರೆ ಜೊತೆಯವನ್ನೂ ಎಳೆದುಕೊಂಡು ಹೋಗುತ್ತದೆ. ಲೆಕ್ಕ ಹೀಗಿದೆ: 7600 ಪೂರ್ತಿ ದುಡಿಯುವಾಗ 88 ವ್ಯಾಟ್ ಎಳೆಯುತ್ತದೆ, ಹೆಸರಿಗೆ 65 ಎಂದಿದ್ದರೂ. ಆರ್‌ಟಿಎಕ್ಸ್ 5060ಕ್ಕೆ 145. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 60 ಹಿಡಿಯಿರಿ. ಒಟ್ಟು 293. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದು 550 ವ್ಯಾಟ್. 650 ಹಾಕಿದರೆ ಮುಂದೆ ದೊಡ್ಡ ಕಾರ್ಡಿಗೂ ಜಾಗ ಉಳಿಯುತ್ತದೆ, ಅರೆಹೊರೆಯಲ್ಲಿ ಫ್ಯಾನ್ ಸದ್ದೂ ಕಡಿಮೆ.

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ 450 ವ್ಯಾಟ್ ಎಸ್‌ಎಂಪಿಎಸ್ ನಂಬಬೇಡಿ. ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಓದಿ, 12ರಿಂದ ಗುಣಿಸಿ. ಅಲ್ಲಿ 16 ಆಂಪಿಯರ್ ಇದ್ದರೆ ನಿಜವಾದ ಬಲ 192 ವ್ಯಾಟ್ ಮಾತ್ರ, ಏಕೆಂದರೆ ಪ್ರೊಸೆಸರೂ ಕಾರ್ಡೂ ಉಣ್ಣುವುದು ಆ ಸಾಲಿನಿಂದಲೇ. ಒಳ್ಳೆಯ 550 ವ್ಯಾಟಿನದರಲ್ಲಿ ಅದೇ ಸಂಖ್ಯೆ 45ರ ಹತ್ತಿರ ಇರುತ್ತದೆ. 80 ಪ್ಲಸ್ ಬ್ರಾಂಝ್, ಗೋಲ್ಡ್ ಎನ್ನುವುದು ದಕ್ಷತೆಯ ದರ್ಜೆ, ಬಾಳಿಕೆಯ ಖಾತರಿಯಲ್ಲ. ವಾರಂಟಿ ಎಷ್ಟು ವರ್ಷ ಎನ್ನುವುದು ಅದಕ್ಕಿಂತ ಹೆಚ್ಚು ತಿಳಿಸುತ್ತದೆ; 5 ವರ್ಷಕ್ಕಿಂತ ಕಡಿಮೆ ಕೊಡುವುದನ್ನು ಇಂಥ ಯಂತ್ರಕ್ಕೆ ನಾನಂತೂ ಸೂಚಿಸುವುದಿಲ್ಲ.

ಕನೆಕ್ಟರ್‌ಗಳನ್ನು ಎಣಿಸಿ. ಬೋರ್ಡಿಗೆ 24 ಪಿನ್, ಪ್ರೊಸೆಸರಿಗೆ 4+4, ಕಾರ್ಡಿಗೆ 6+2. ಪಿಸಿಐಇ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 8 ಪಿನ್ನಿನ ಕೇಬಲ್ 150; ಎರಡೂ ಸೇರಿ 225, ಹಾಗಾಗಿ 145 ವ್ಯಾಟಿನ ಕಾರ್ಡಿಗೆ ಒಂದೇ ಕೇಬಲ್ ಸಾಕು. ಪ್ರೊಸೆಸರಿನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮಂದಿರಂತೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಬದಿಗಳು ಅದಲುಬದಲಾಗಿವೆ. ಕೂರದಿದ್ದರೆ ಬಲ ಹಾಕಬೇಡಿ, ಕೇಬಲ್ ಬೇರೆ ಇದೆ ಎಂದರ್ಥ. ದೊಡ್ಡ ಕಾರ್ಡುಗಳ 16 ಪಿನ್ನಿನ ಕನೆಕ್ಟರ್ 600 ವ್ಯಾಟ್‌ವರೆಗೆ ಹೊರುತ್ತದೆ, ಕೂದಲೆಳೆಯಷ್ಟು ಸಂದು ಉಳಿದರೂ ಬಿಸಿಯಾಗಿ ಕರಗಬಹುದು. ಕೊನೆಯವರೆಗೆ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ. ಎಲ್ಲಕ್ಕಿಂತ ಅಪಾಯದ್ದು ಮಾಡ್ಯುಲರ್ ಕೇಬಲ್‌ಗಳ, ಅಂದರೆ ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದ ಕೇಬಲ್‌ಗಳ, ಬೆರಕೆ. ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆಗೆ ಒಂದೇ ಮಾನಕವಿಲ್ಲ. ಹಳೆಯದರ ಕೇಬಲ್ ಹೊಸದಕ್ಕೆ ಚುಚ್ಚಿದರೆ ಸರಿಯಾಗಿಯೇ ಕೂರಬಹುದು, 5 ವೋಲ್ಟಿನ ತಂತಿಯಲ್ಲಿ 12 ವೋಲ್ಟ್ ಹರಿದು ಎಸ್‌ಎಸ್‌ಡಿಯನ್ನೋ ಹಾರ್ಡ್ ಡಿಸ್ಕನ್ನೋ ಸುಡಬಹುದು.

ಗೋಡೆಯ ಪ್ಲಗ್ಗೂ ಹೊಂದಾಣಿಕೆಯ ಭಾಗವೇ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಮನೆಯ ಅರ್ಥಿಂಗ್ ಇಲ್ಲ ಅಥವಾ ಕಡಿದಿದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಅರ್ಥಿಂಗ್ ತಂತಿಗೆ ಬಿಡಬೇಕಾದ ಅಲ್ಪ ಕರೆಂಟು ಹೊರಕವಚಕ್ಕೆ ಬರುತ್ತಿದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಿಯೇ ಯಂತ್ರ ಹಚ್ಚಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ನಮ್ಮ 293ಕ್ಕೆ ಎಸ್‌ಎಂಪಿಎಸ್‌ನ ನಷ್ಟ, ಮಾನಿಟರ್ ಸೇರಿದರೆ ಅದು ಅಂಚಿಗೆ ಬರುತ್ತದೆ. 1000 ವಿಎ ನೆಮ್ಮದಿ. ಅಗ್ಗದ ಯುಪಿಎಸ್‌ಗಳ ಚೌಕ ಅಲೆಯನ್ನು ಕೆಲವು ಎಸ್‌ಎಂಪಿಎಸ್ ಒಪ್ಪುವುದಿಲ್ಲ, ಬ್ಯಾಟರಿಗೆ ಬದಲಾದ ಕ್ಷಣದಲ್ಲೇ ಆರಿಹೋಗುತ್ತವೆ. ಸೈನ್ ವೇವ್ ಎಂದು ಬರೆದದ್ದನ್ನು ಕೊಂಡರೆ ಆ ಚಿಂತೆಯಿಲ್ಲ.

ದೀಪದ ಫ್ಯಾನ್ ಇಷ್ಟಪಡುವವರು ಇದೊಂದನ್ನು ನೆನಪಿಡಿ: ಎಆರ್‌ಜಿಬಿ ಎಂದರೆ 5 ವೋಲ್ಟ್, 3 ಪಿನ್, ಹಳೆಯ ಆರ್‌ಜಿಬಿ ಎಂದರೆ 12 ವೋಲ್ಟ್, 4 ಪಿನ್. 5 ವೋಲ್ಟಿನದನ್ನು 12ರ ಹೆಡರಿಗೆ (ಬೋರ್ಡಿನ ಮೇಲಿನ ಪಿನ್‌ಗಳ ಗುಂಪಿಗೆ) ಚುಚ್ಚಿದರೆ ದೀಪಗಳು ಆ ಕ್ಷಣವೇ ಸುಡುತ್ತವೆ. ಕ್ಯಾಬಿನೆಟ್ಟಿನ ಮುಂದೆ ಟೈಪ್ ಸಿ ಪೋರ್ಟ್ ಇದ್ದರೆ ಬೋರ್ಡಿನಲ್ಲೂ ಅದರ ಹೆಡರ್ ಇದೆಯೇ ನೋಡಿ, ಇಲ್ಲವಾದರೆ ಆ ಪೋರ್ಟ್ ಅಲಂಕಾರಕ್ಕಷ್ಟೇ.

ಕೊಳ್ಳುವಾಗ, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಪೂರ್ತಿ ಮಾದರಿ ಹೆಸರು ಬರೆದ ಚೀಟಿ ಕೈಯಲ್ಲಿರಲಿ. ಅದಿಲ್ಲ, ಅದರಂಥದ್ದೇ ಇನ್ನೊಂದಿದೆ ಎಂದರೆ ಅಲ್ಲಿಯೇ ಮೊಬೈಲಿನಲ್ಲಿ ಆ ಬೋರ್ಡಿನ ಪುಟ ತೆರೆದು ಸಾಕೆಟ್, ರ‍್ಯಾಮ್ ಬಗೆ, ಅಳತೆ ಮೂರನ್ನೂ ನೋಡಿ ಮುಂದುವರಿಯಿರಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಭಾರತದ ವಾರಂಟಿ ಇದೆಯೇ, ಯಾವ ವಿತರಕರ ಮೂಲಕ ಎಂದೂ ಕೇಳಿ. ಭಾಗಗಳನ್ನು ತಿಂಗಳಿಗೊಂದರಂತೆ ಕೂಡಿಡಬೇಡಿ. ಬೋರ್ಡಿನ ದೋಷ ಗೊತ್ತಾಗುವುದು ಪ್ರೊಸೆಸರ್ ಬಂದ ಮೇಲೆ, ಅಷ್ಟರಲ್ಲಿ ಹಿಂದಿರುಗಿಸುವ ಗಡುವು ಮುಗಿದಿರುತ್ತದೆ.

ಎಲ್ಲ ಬಂದ ಮೇಲೆ ಕ್ಯಾಬಿನೆಟ್ಟಿಗೆ ಇಳಿಸುವ ಮುನ್ನ ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಂಪಿಎಸ್ ಮಾತ್ರ ಜೋಡಿಸಿ, ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಕೊಟ್ಟು ಪವರ್ ಸ್ವಿಚ್ಚಿನ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಿ. ಎಎಂ5 ಮೊದಲ ಸಲ ರ‍್ಯಾಮ್ ಪರಿಚಯ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ಹದಿನೈದು ನಿಮಿಷ ಕಾಯಿರಿ. ಪ್ರೊಸೆಸರ್ ಕೂರಿಸುವಾಗ ಕಳಚಿದ ಸಾಕೆಟ್ಟಿನ ಕಪ್ಪು ಮುಚ್ಚಳವನ್ನು ಬೋರ್ಡಿನ ಪೆಟ್ಟಿಗೆಯಲ್ಲೇ ಎತ್ತಿಡಿ. ಬೋರ್ಡ್ ವಾರಂಟಿಗೆ ಕಳಿಸುವ ದಿನ ಬಂದರೆ ಆ 1718 ಪಿನ್ನುಗಳನ್ನು ಕಾಯುವುದು ಅದೇ, ಮುಚ್ಚಳವಿಲ್ಲದೆ ಹೋದ ಬೋರ್ಡಿನ ಬಾಗಿದ ಪಿನ್ನನ್ನು ವಾರಂಟಿಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ.